ಕಾರವಾರದ ದಾರಿ: ದೂರ ಕೇಳುವ ಮೊದಲು ತಿಂಗಳು ನೋಡಿ

ಕಾರವಾರಕ್ಕೆ ಎಷ್ಟು ದೂರ ಎಂದು ಯಲ್ಲಾಪುರದಲ್ಲೋ ಶಿರಸಿಯಲ್ಲೋ ಕೇಳಿ. ಕಿಲೋಮೀಟರ್ ಹೇಳುವವರು ಕಡಿಮೆ. ‘ಘಟ್ಟ ಇಳೀಲಿಕ್ಕೆ ಎಷ್ಟು ಹೊತ್ತಾಗ್ತದೋ ಅಷ್ಟು’ ಎಂಬ ಉತ್ತರವೇ ಹೆಚ್ಚು. ಅದು ತಪ್ಪಿಸಿಕೊಳ್ಳುವ ಮಾತಲ್ಲ, ಅನುಭವದ ಲೆಕ್ಕ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಸುಮಾರು 165 ಕಿ.ಮೀ. ಬಯಲುಸೀಮೆಯಲ್ಲಿ ಇಷ್ಟು ದೂರಕ್ಕೆ ಮೂರು ತಾಸು ಸಾಕು. ಇಲ್ಲಿ ಬಸ್ಸಿಗೆ ನಾಲ್ಕು ತಾಸು ಬೇಕು, ಜುಲೈ ಮಳೆಯಲ್ಲಿ ಐದಾದರೂ ಯಾರೂ ಆಶ್ಚರ್ಯಪಡುವುದಿಲ್ಲ.

ಊರು ಕೂತಿರುವ ಜಾಗವೇ ಇದಕ್ಕೆ ಕಾರಣ. ಮೂಡಲಿಗೆ ಸಹ್ಯಾದ್ರಿ, ಪಡುವಲಿಗೆ ಅರಬ್ಬೀ ಸಮುದ್ರ, ಬಡಗಲಿಗೆ ಕಾಳಿ ನದಿಯ ಅಗಲವಾದ ಅಳಿವೆ, ತೆಂಕಲಿಗೆ ಕಡಲಿಗೇ ಚಾಚಿಕೊಂಡ ಬೈತಖೋಲದ ಗುಡ್ಡ. ಗಾಳಿ–ಅಲೆಯಿಂದ ಹಡಗುಗಳನ್ನು ಕಾಯುವ ಈ ಗುಡ್ಡಗಳೇ ಕಾರವಾರವನ್ನು ಸಹಜ ಬಂದರು ಮಾಡಿದವು. ನೆಲದ ದಾರಿಯನ್ನು ಕಷ್ಟವಾಗಿಸಿದ್ದೂ ಅವೇ. ಊರಿಗೆ ಯಾವ ದಿಕ್ಕಿನಿಂದ ಬಂದರೂ ಒಂದು ಘಟ್ಟ ಇಳಿಯಬೇಕು, ಇಲ್ಲವೇ ಹೊಳೆ ದಾಟಬೇಕು. ಕೆಲವು ದಾರಿಗಳಲ್ಲಿ ಎರಡೂ ಉಂಟು. ಯಾವ ಘಟ್ಟ, ಯಾವ ಹೊಳೆ, ಯಾವ ತಿಂಗಳು ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಕಾರವಾರದ ಪ್ರಯಾಣ ಸಲೀಸು.

ಪ್ರವಾಸಿಗರಿಗಷ್ಟೇ ಬೇಕಾದ ಮಾಹಿತಿ ಇದಲ್ಲ. ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಲ್ಲವೂ ಇಲ್ಲಿವೆ. ಮುಂಡಗೋಡ, ಹಳಿಯಾಳ, ಸಿದ್ದಾಪುರದ ಜನ ಒಂದು ಸಹಿಗಾಗಿ ಘಟ್ಟ ಇಳಿದು ಬಂದು, ಅದೇ ದಿನ ಹತ್ತಿ ಹೋಗಬೇಕು. ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಶಿರಸಿ ಕೇಂದ್ರವಾಗಿ ಬೇರೆ ಜಿಲ್ಲೆ ಬೇಕೆಂಬ ಹಳೆಯ ಬೇಡಿಕೆಯ ಹಿಂದೆ ಈ ದಾರಿಯ ದಣಿವೂ ಇದೆ.

ಹುಬ್ಬಳ್ಳಿಯಿಂದ: ಅರಬೈಲ್ ಇಳಿಯುವ ದಾರಿ

ಬೆಂಗಳೂರು, ದಾವಣಗೆರೆ, ಧಾರವಾಡ, ಗದಗ, ವಿಜಯಪುರ ಹೀಗೆ ಘಟ್ಟದ ಮೇಲಿನ ಬಹುಪಾಲು ಊರುಗಳಿಗೆ ಕಾರವಾರದ ಹೆದ್ದಾರಿ ಎಂದರೆ ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗರೂರಿನಲ್ಲಿ ಶುರುವಾಗಿ ಅಂಕೋಲಾದಲ್ಲಿ ಮುಗಿಯುವ ರಸ್ತೆ ಇದು. ಹಿಂದೆ ಹುಬ್ಬಳ್ಳಿ–ಅಂಕೋಲಾ ಭಾಗಕ್ಕೆ 63 ಎಂಬ ಸಂಖ್ಯೆ ಇತ್ತು. ಹಳೆಯ ಚಾಲಕರು ಈಗಲೂ ಹಾಗೆಯೇ ಕರೆಯುತ್ತಾರೆ.

ಹುಬ್ಬಳ್ಳಿ ಬಿಟ್ಟರೆ ಕಲಘಟಗಿ, ಕಿರವತ್ತಿ, ಯಲ್ಲಾಪುರ. ಅಲ್ಲಿಯವರೆಗೆ ರಸ್ತೆ ಹೆಚ್ಚುಕಡಿಮೆ ಸಮ. ಬಸ್ಸುಗಳು ಚಹಾಕ್ಕೆ ನಿಲ್ಲುವುದು ಸಾಮಾನ್ಯವಾಗಿ ಯಲ್ಲಾಪುರದಲ್ಲಿ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹೊಟ್ಟೆ ಬಿರಿಯೆ ತಿನ್ನದೆ, ಪೂರಾ ಖಾಲಿಯೂ ಬಿಡದೆ, ಇಲ್ಲೇ ಸ್ವಲ್ಪ ತಿಂದು ಹತ್ತುವುದು ಒಳ್ಳೆಯದು. ಮಾತ್ರೆ ನುಂಗುವ ಅಭ್ಯಾಸವಿದ್ದರೆ ಅದಕ್ಕೂ ಇದೇ ಹೊತ್ತು. ಘಟ್ಟ ಶುರುವಾದ ಮೇಲೆ ನುಂಗಿದರೆ ಅದು ಕೆಲಸ ಮಾಡುವಷ್ಟರಲ್ಲಿ ಅಂಕೋಲಾ ಬಂದಿರುತ್ತದೆ.

ಇಡಗುಂದಿ ದಾಟಿದ ಮೇಲೆ ಅರಬೈಲ್ ಘಟ್ಟ. ಇಲ್ಲಿ ಬಸ್ಸಿನ ಸದ್ದೇ ಬದಲಾಗುತ್ತದೆ. ಚಾಲಕ ಗೇರ್ ಇಳಿಸಿ, ಬ್ರೇಕಿನ ಕೆಲಸದ ಮುಕ್ಕಾಲು ಪಾಲನ್ನು ಎಂಜಿನ್ನಿಗೆ ಒಪ್ಪಿಸಿ ಬಿಡುತ್ತಾನೆ. ಎದುರಿನಿಂದ ಟ್ಯಾಂಕರುಗಳು ನಡೆಯುವವರ ವೇಗದಲ್ಲಿ ಏರುತ್ತಿರುತ್ತವೆ. ಕಾರವಾರ ಬಂದರಿಗೆ ಹಡಗಿನಲ್ಲಿ ಬರುವ ಡಾಂಬರು ಮೇಲ್ಘಟ್ಟಕ್ಕೆ ಹೋಗುವುದು ಇದೇ ರಸ್ತೆಯಲ್ಲಿ. ತಿರುವಿನಲ್ಲಿ ಒಂದು ಟ್ಯಾಂಕರ್ ಇನ್ನೊಂದನ್ನು ಹಿಂದಿಕ್ಕಲು ಹೊರಟರೆ ಎರಡೂ ಕಡೆ ಸಾಲು. ಬಸ್ಸಿನ ನಿರ್ವಾಹಕ ಬಾಗಿಲಲ್ಲಿ ನಿಂತು ‘ಬರ್ಲಿ, ಬರ್ಲಿ’ ಎನ್ನುತ್ತ ಮೋರಿಗೂ ಚಕ್ರಕ್ಕೂ ನಡುವಿನ ಗೇಣುದ್ದ ಜಾಗವನ್ನು ಕಣ್ಣಲ್ಲೇ ಅಳೆಯುತ್ತಾನೆ. ಒಂದು ಲಾರಿ ಕೆಟ್ಟು ತಿರುವಿನಲ್ಲಿ ನಿಂತರೆ ತಾಸುಗಟ್ಟಲೆ ಕಾಯುವುದು ಹೊಸದೇನಲ್ಲ. ನೀರಿನ ಬಾಟಲಿ ಮತ್ತು ಒಂದು ಬಿಸ್ಕತ್ ಪೊಟ್ಟಣವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಘಟ್ಟ ಇಳಿದರೆ ರಾಮನಗುಳಿ, ಸುಂಕಸಾಳ. ಸೆಕೆ ಹತ್ತುವುದರಿಂದಲೇ ಕರಾವಳಿ ಬಂತೆಂದು ಗೊತ್ತಾಗುತ್ತದೆ. ಅಂಕೋಲಾದ ಬಾಳೆಗುಳಿಯಲ್ಲಿ ಈ ರಸ್ತೆ ಹೆದ್ದಾರಿ 66ಕ್ಕೆ ಕೂಡುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ಕಾರವಾರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು, ಎಡಕ್ಕೆ ತಿರುಗಿದರೆ ಗೋಕರ್ಣ, ಕುಮಟಾ, ಮಂಗಳೂರು. ಸ್ವಂತ ಕಾರಿನವರು ಗಮನಿಸಬೇಕಾದ್ದು: ಅಂಕೋಲಾ–ಕಾರವಾರದ ನಡುವೆ ಹಟ್ಟಿಕೇರಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ಹಣ ಇರಲಿ.

ಸರ್ಕಾರಿ ಬಸ್ಸುಗಳನ್ನು ಓಡಿಸುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಹುಬ್ಬಳ್ಳಿ–ಕಾರವಾರ ಮಾರ್ಗದಲ್ಲಿ ಹಗಲೆಲ್ಲ ಬಸ್ಸು ಸಿಗುತ್ತದೆ. ನೇರ ಬಸ್ಸು ತಪ್ಪಿದರೆ ಅಂಕೋಲಾದ ಬಸ್ಸು ಹತ್ತಿ. ಅಂಕೋಲಾ ನಿಲ್ದಾಣದಲ್ಲಿ ಇಳಿದರೆ ಕುಮಟಾ, ಭಟ್ಕಳ ಕಡೆಯಿಂದ ಕಾರವಾರಕ್ಕೆ ಹೋಗುವ ಬಸ್ಸುಗಳು ಬರುತ್ತಲೇ ಇರುತ್ತವೆ. ಈ ಜಿಲ್ಲೆಯಲ್ಲಿ ನೇರ ಬಸ್ಸಿಗೇ ಕಾದು ಕೂರುವವರಿಗಿಂತ ಒಂದು ಊರು ಮುಂದೆ ಹೋಗಿ ಬಸ್ಸು ಬದಲಿಸುವವರು ಬೇಗ ಮುಟ್ಟುತ್ತಾರೆ.

ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಸುಮಾರು 570 ಕಿ.ಮೀ. ರಾತ್ರಿ ಹೊರಡುವ ಸ್ಲೀಪರ್ ಬಸ್ಸುಗಳಿಗೆ ಹತ್ತರಿಂದ ಹನ್ನೆರಡು ತಾಸು. ಕೆಲವು ಬಸ್ಸುಗಳು ಹಾವೇರಿಯಿಂದ ಶಿರಸಿಗೆ ತಿರುಗಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತವೆ, ಕೆಲವು ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯುತ್ತವೆ. ಟಿಕೆಟ್ ಕಾಯ್ದಿರಿಸುವಾಗ ಸೀಟಿನ ಸಂಖ್ಯೆಯ ಜೊತೆಗೆ ‘ಯಾವ ಮಾರ್ಗ’ ಎಂದೂ ನೋಡಬೇಕು. ಮಳೆಗಾಲದಲ್ಲಿ ಒಂದು ಘಟ್ಟ ಬಂದಾದ ದಿನ ಈ ಒಂದು ಸಾಲಿನ ಮಾಹಿತಿ ನಿಮ್ಮ ರಾತ್ರಿಯನ್ನು ಉಳಿಸುತ್ತದೆ.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಹಗಲು ಹೊತ್ತು ತುಂಡು ತುಂಡಾಗಿ ಪ್ರಯಾಣಿಸುವ ಮಹಿಳೆಯರಿಗೆ ಬೆಂಗಳೂರಿನಿಂದ ಕಾರವಾರದವರೆಗೂ ಖರ್ಚಿಲ್ಲ, ತಾಳ್ಮೆ ಮಾತ್ರ ಬೇಕು.

ಮಂಗಳೂರಿನಿಂದ: ಹೊಳೆಗಳ ಹೆದ್ದಾರಿ

ಮಹಾರಾಷ್ಟ್ರದ ಪನವೇಲ್‌ನಿಂದ ಕನ್ಯಾಕುಮಾರಿಯವರೆಗೆ ಕಡಲಿನ ಪಕ್ಕದಲ್ಲೇ ಸಾಗುವ ಹೆದ್ದಾರಿ 66 ಕಾರವಾರದ ಮೂಲಕವೇ ಹಾದುಹೋಗುತ್ತದೆ. ಮಂಗಳೂರಿನಿಂದ ಸುಮಾರು 270 ಕಿ.ಮೀ. ಘಟ್ಟದ ತಿರುವು ಇಲ್ಲಿಲ್ಲ, ಬದಲಿಗೆ ಸಾಲು ಹೊಳೆಗಳು. ಉತ್ತರ ಕನ್ನಡ ಪ್ರವೇಶಿಸಿದ ಮೇಲೆ ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ, ಅಂಕೋಲಾಕ್ಕೆ ಮುಂಚೆ ಗಂಗಾವಳಿ. ಚತುಷ್ಪಥ ಬಹುಪಾಲು ಮುಗಿದಿರುವುದರಿಂದ ಕಾರಿಗೆ ಐದು ತಾಸು ಸಾಕು. ಬಸ್ಸಿಗೆ ಆರರಿಂದ ಏಳು.

ಈ ರಸ್ತೆಯ ಅಪಾಯ ಹೊಳೆಯಿಂದ ಬಂದದ್ದಕ್ಕಿಂತ ಗುಡ್ಡದಿಂದ ಬಂದದ್ದು ಹೆಚ್ಚು. ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ಜಾಗವೇ ಕಡಿಮೆ ಇರುವೆಡೆ ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಲಾಗಿದೆ. ಇಲ್ಲಿಯದು ಜಂಬಿಟ್ಟಿಗೆ ಮಣ್ಣು. ನೀರು ಕುಡಿದು ತೂಕ ಹೆಚ್ಚಿದಾಗ, ಬುಡದಲ್ಲಿ ಆಧಾರವಿಲ್ಲದ ಕಡೆ ಒಮ್ಮೆಗೇ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಇದೇ. ಗುಡ್ಡ ಕುಸಿದು ಹೆದ್ದಾರಿಯನ್ನೂ ರಸ್ತೆ ಬದಿಯ ಚಹಾ ಹೋಟೆಲನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಹಲವರು ಜೀವ ಕಳೆದುಕೊಂಡರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು.

ಶಿರೂರು ಇರುವುದು ಬಾಳೆಗುಳಿ ಕೂಡುರಸ್ತೆಯ ದಕ್ಷಿಣಕ್ಕೆ. ಅಂದರೆ ಅಲ್ಲಿ ರಸ್ತೆ ಬಂದಾದರೂ ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರುವವರಿಗೆ ತೊಂದರೆ ಇಲ್ಲ. ಕುಮಟಾದವರು ಮಾತ್ರ ಶಿರಸಿಗೆ ಹತ್ತಿ, ಯಲ್ಲಾಪುರಕ್ಕೆ ಬಂದು, ಮತ್ತೆ ಅರಬೈಲ್ ಇಳಿಯಬೇಕು. ಅರಬೈಲಿನಲ್ಲಿ ಕುಸಿತವಾದರೆ ಲೆಕ್ಕ ತಿರುಗುಮುರುಗು. 2021ರ ಜುಲೈ ಮಳೆಯಲ್ಲಿ ಅರಬೈಲ್ ಮತ್ತು ಅಣಶಿ ಎರಡೂ ಘಟ್ಟಗಳು ಕುಸಿದಾಗ ಕಾರವಾರಕ್ಕೂ ಮೇಲ್ಘಟ್ಟಕ್ಕೂ ಸಂಪರ್ಕವೇ ಕಡಿದಂತಾಗಿತ್ತು. ‘ಕಾರವಾರದ ರಸ್ತೆ ಬಂದ್’ ಎಂಬ ಸುದ್ದಿ ಬಂದಾಗ ಎಲ್ಲಿ ಬಂದ್, ಬಾಳೆಗುಳಿಯ ಮೇಲೋ ಕೆಳಗೋ ಎಂದು ಮೊದಲು ಕೇಳಿ. ಅರ್ಧ ಜನರ ಪ್ರಯಾಣ ಅಷ್ಟಕ್ಕೇ ಉಳಿಯುತ್ತದೆ.

ಅಂಕೋಲಾದಿಂದ ಮುಂದೆ ಅಮದಳ್ಳಿ, ಅರಗಾ, ಬಿಣಗಾ. ಈ ಭಾಗದಲ್ಲಿ ಹೆದ್ದಾರಿಯ ಪಕ್ಕ ಉದ್ದಕ್ಕೂ ಕಾಣುವ ಗೋಡೆ ಕದಂಬ ನೌಕಾನೆಲೆಯದು, ಸೀಬರ್ಡ್ ಯೋಜನೆಯ ಹೆಸರಲ್ಲಿ ಕಟ್ಟಿದ್ದು. ಇಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯಬೇಡಿ, ಕಡಲಿಗೆ ಇಳಿಯುವ ದಾರಿ ಹುಡುಕಬೇಡಿ. ಬಿಣಗಾ ಕಳೆದ ಮೇಲೆ ಸುರಂಗ, ಸುರಂಗದಾಚೆ ಬಂದರು, ಆಮೇಲೆ ಊರು. ಸುರಂಗದಿಂದ ಹೊರಬಿದ್ದೊಡನೆ ಮೇಲ್ಸೇತುವೆ ಎದುರಾಗುತ್ತದೆ. ಊರೊಳಗೆ ಹೋಗಬೇಕಾದವರು ಸೇತುವೆ ಏರದೆ ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು. ಏರಿದರೆ ಒಂದು ಪಕ್ಕ ಊರು, ಇನ್ನೊಂದು ಪಕ್ಕ ಟ್ಯಾಗೋರ್ ಕಡಲತೀರ, ನೀವು ಮಾತ್ರ ಗೋವಾ ಕಡೆಗೆ.

ಗೋವಾದಿಂದ: ಕಾಳಿ ದಾಟಿ

ಗೋವಾ ಗಡಿ ಕಾರವಾರದಿಂದ ಹದಿನೈದು ಕಿ.ಮೀ. ಅಷ್ಟೇ. ಕರ್ನಾಟಕದ ಕಡೆ ಮಾಜಾಳಿ, ಗೋವಾದ ಕಡೆ ಪೋಳೆಂ. ಮಡಗಾಂವ್‌ನಿಂದ ಸುಮಾರು 70 ಕಿ.ಮೀ.; ಗೋವಾದ ಸರ್ಕಾರಿ ಸಂಸ್ಥೆ ಕದಂಬ ಸಾರಿಗೆ ಮತ್ತು ನಮ್ಮ ವಾಯವ್ಯ ಸಾರಿಗೆ ಎರಡೂ ಈ ಮಾರ್ಗದಲ್ಲಿ ಬಸ್ಸು ಓಡಿಸುತ್ತವೆ. ಕಾಣಕೋಣದ ಮೇಲೆ ಬರಲು ಎರಡು ತಾಸು. ಹಗಲು ಹೊತ್ತು ಬಸ್ಸಿಗೆ ಬರವಿಲ್ಲ, ಕತ್ತಲಾದ ಮೇಲೆ ಕಡಿಮೆಯಾಗುತ್ತವೆ. ಮಡಗಾಂವ್ ರೈಲು ನಿಲ್ದಾಣ ಮತ್ತು ಕದಂಬ ಬಸ್ ನಿಲ್ದಾಣ ಬೇರೆ ಬೇರೆ ಜಾಗದಲ್ಲಿವೆ ಎಂಬುದನ್ನು ನೆನಪಿಡಿ. ರೈಲಿಳಿದು ಬಸ್ಸು ಹಿಡಿಯುವವರು ನಡುವೆ ರಿಕ್ಷಾ ಮಾಡಬೇಕು.

ಮಾಜಾಳಿಯಲ್ಲಿ ತಪಾಸಣೆ ಇರುತ್ತದೆ. ಅಬಕಾರಿ ಸಿಬ್ಬಂದಿ ಬಸ್ಸು ಹತ್ತಿ ಚೀಲಗಳ ಮೇಲೆ ಕೈಯಾಡಿಸುವುದುಂಟು. ಗೋವಾದ ಅಗ್ಗದ ಮದ್ಯವನ್ನು ಗಡಿ ದಾಟಿಸುವ ಯೋಚನೆ ಬೇಡ. ಒಬ್ಬರ ಚೀಲದಲ್ಲಿ ಸಿಕ್ಕರೆ ಇಡೀ ಬಸ್ಸು ಕಾಯಬೇಕಾಗುತ್ತದೆ.

ಗಡಿಯಿಂದ ಊರಿಗೆ ಬರಲು ಸದಾಶಿವಗಡದ ಬಳಿ ಕಾಳಿ ದಾಟಬೇಕು. ಹಿಂದೆ ಇಲ್ಲಿ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ದೋಣಿಯೇ ಗತಿ. 1980ರ ದಶಕದಲ್ಲಿ ಸೇತುವೆ ಬಂತು. ಹೆದ್ದಾರಿ ಅಗಲಿಸುವಾಗ ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟಿ, ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಂಡರು. ಆ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿಗೆ ಮುನ್ನ ಕುಸಿದುಬಿತ್ತು. ಆ ಹೊತ್ತಿಗೆ ಅದರ ಮೇಲಿದ್ದದ್ದು ಒಂದು ಲಾರಿ; ನೀರಿಗೆ ಬಿದ್ದ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಬದುಕಿಸಿದರು. ಅಂದಿನಿಂದ ಎರಡೂ ದಿಕ್ಕಿನ ಸಂಚಾರದ ಭಾರ ಹೊಸ ಸೇತುವೆಯ ಮೇಲೆ ಬಿತ್ತು. ಆದ್ದರಿಂದ ಗೋವಾದ ವಿಮಾನ ಹಿಡಿಯುವವರು ಸೇತುವೆಗೆಂದೇ ಅರ್ಧ ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ವಿಮಾನದ ಮಾತು ಬಂತಲ್ಲ. ಕಾರವಾರಕ್ಕೆ ತನ್ನದೇ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಗೋವಾದ ದಾಬೋಳಿಂ, ನೂರು ಕಿ.ಮೀ. ಒಳಗೆ. 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಮೋಪಾ ಉತ್ತರ ಗೋವಾದ ತುದಿಯಲ್ಲಿದೆ. ಟಿಕೆಟಿನಲ್ಲಿ ‘ಗೋವಾ’ ಎಂದಷ್ಟೇ ಓದಿ ಅಗ್ಗವಾಯಿತೆಂದು ಮೋಪಾಕ್ಕೆ ಇಳಿದರೆ, ಉಳಿದ ಹಣ ಟ್ಯಾಕ್ಸಿಗೆ ಹೋಗುತ್ತದೆ. ಬೆಂಗಳೂರಿನಿಂದ ಬರುವವರು ಹುಬ್ಬಳ್ಳಿ ವಿಮಾನ ನಿಲ್ದಾಣವನ್ನೂ ಲೆಕ್ಕಕ್ಕೆ ಹಿಡಿಯಬಹುದು. ದೂರ ಹೆಚ್ಚು, ಆದರೆ ಗಡಿ ಇಲ್ಲ, ಬಸ್ಸು ಧಾರಾಳ.

ರೈಲಿನಲ್ಲಿ: ಒಂಟಿ ಹಳಿಯ ಲೆಕ್ಕ

ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ 741 ಕಿ.ಮೀ. ಅದರ ಎರಡು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಕಾರವಾರದಲ್ಲೇ ಇದೆ. ಈ ಹಳಿ ಬರುವ ಮೊದಲು ಜಿಲ್ಲೆಯ ಕರಾವಳಿಯ ಬಹುಪಾಲು ಜನ ರೈಲು ನೋಡಲೂ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಿತ್ತು.

ಬೆಂಗಳೂರಿನಿಂದ ಬರುವವರಿಗೆ ಮೊದಲು ನೆನಪಾಗಬೇಕಾದ ರೈಲು ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹೊರಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರಸ್ತೆಯ ಮೇಲೆ ಘಟ್ಟ ಇಳಿದು, ಮರುದಿನ ಬೆಳಿಗ್ಗೆ ಕಾರವಾರ ಮುಟ್ಟಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ರೈಲು ಅಲ್ಲಿ ತೆವಳುತ್ತದೆ. ಈ ರೈಲು ಮಂಗಳೂರು ಸೆಂಟ್ರಲ್‌ಗೆ ಹೋಗುವುದಿಲ್ಲ. ಅಲ್ಲಿ ಹೋದರೆ ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಿ ಬಂದ ದಾರಿಯಲ್ಲೇ ವಾಪಸಾಗಬೇಕು. ಅದಕ್ಕೇ ಪಡೀಲ್ ಬೈಪಾಸ್‌ನಲ್ಲಿ ತಿರುಗಿ ಸುರತ್ಕಲ್ ಕಡೆ ಹೊರಡುತ್ತದೆ. ಹಗಲು ಘಟ್ಟ ನೋಡಬೇಕೆನ್ನುವವರಿಗೆ ಯಶವಂತಪುರ–ಕಾರವಾರ ನಡುವೆ ವಾರದ ಕೆಲವು ದಿನ ಓಡುವ ರೈಲಿದೆ.

ಮಂಗಳೂರು–ಮಡಗಾಂವ್ ವಂದೇ ಭಾರತ್ 2023ರ ಡಿಸೆಂಬರ್ 30ರಂದು ಶುರುವಾದಾಗ ಅದಕ್ಕೆ ಕೊಟ್ಟ ನಡುವಿನ ನಿಲ್ದಾಣಗಳು ಎರಡೇ: ಉಡುಪಿ ಮತ್ತು ಕಾರವಾರ. ಬಸ್ಸಿನ ಅರ್ಧ ಹೊತ್ತಿನಲ್ಲಿ ಮುಟ್ಟಿಸುತ್ತದೆ, ದರ ಮಾತ್ರ ಬಸ್ಸಿನದಲ್ಲ. ಮುಂಬೈ ಕಡೆಯಿಂದ ಮತ್ಸ್ಯಗಂಧಾ, ನೇತ್ರಾವತಿಯಂಥ ಹಳೆಯ ರೈಲುಗಳಿವೆ. ಮತ್ಸ್ಯಗಂಧಾ ಕಾರವಾರಕ್ಕೆ ಬರುವುದು ಮಧ್ಯರಾತ್ರಿ ಕಳೆದ ಮೇಲೆ. 139ಕ್ಕೆ ಕರೆ ಮಾಡಿ ನಿಲ್ದಾಣ ಬರುವ ಮುನ್ನ ಎಬ್ಬಿಸುವ ಸೂಚನೆ ಹಾಕಿಸಿಕೊಳ್ಳಬಹುದು. ನಿದ್ದೆ ಹೋಗಿ ಅಂಕೋಲಾದಲ್ಲೋ ಕುಮಟಾದಲ್ಲೋ ಇಳಿಯುವುದಕ್ಕಿಂತ ಅದು ವಾಸಿ.

ರೈಲು ಏಕೆ ಹಠಾತ್ತನೆ ಯಾವುದೋ ಸಣ್ಣ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ ಎಂದು ಹೊಸಬರು ಗೊಣಗುವುದುಂಟು. ಕೊಂಕಣ ಮಾರ್ಗದ ಬಹುಪಾಲು ಭಾಗ ಒಂಟಿ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಬೇಕಾದರೆ ಎರಡನೇ ಹಳಿ ಇರುವುದು ನಿಲ್ದಾಣಗಳಲ್ಲಿ ಮಾತ್ರ. ಒಂದು ರೈಲು ತಡವಾದರೆ ಅದಕ್ಕೆ ಕಾಯುವ ರೈಲೂ ತಡ, ಅದಕ್ಕೆ ಕಾಯುವ ಮೂರನೆಯದೂ ತಡ. ಇಲ್ಲಿನ ಜನ ಇದನ್ನು ‘ಕ್ರಾಸಿಂಗ್’ ಎಂದು ಹೇಳಿ ಸುಮ್ಮನಾಗುತ್ತಾರೆ. ಹಾಗಾಗಿ ಕಾರವಾರದಲ್ಲಿ ರೈಲಿಳಿದು ಇನ್ನೊಂದು ಬಸ್ಸೋ ರೈಲೋ ಹಿಡಿಯುವುದಿದ್ದರೆ ನಡುವೆ ಕನಿಷ್ಠ ಒಂದು ತಾಸು ಬಿಡಿ.

ಮಳೆಗಾಲಕ್ಕೆ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳ ವೇಗ ತಗ್ಗಿಸಿ, ಅದಕ್ಕೆ ತಕ್ಕಂತೆ ಹೊರಡುವ ಮತ್ತು ಮುಟ್ಟುವ ಸಮಯ ಬದಲಿಸುತ್ತಾರೆ. ಕಣ್ಣು ಕಾಣದಷ್ಟು ಮಳೆ ಸುರಿದರೆ ವೇಗ ಗಂಟೆಗೆ 40 ಕಿ.ಮೀ.ಗೆ ಇಳಿಯುತ್ತದೆ. ಗುಡ್ಡ ಕಡಿದು ಹಳಿ ಹಾಕಿದ ಕಡೆಗಳಲ್ಲಿ ಹಗಲೂ ರಾತ್ರಿಯೂ ಗ್ಯಾಂಗ್‌ಮನ್‌ಗಳ ಗಸ್ತು ಇರುತ್ತದೆ. ಎರಡು ಕಿ.ಮೀ.ಗೂ ಉದ್ದದ ಶರಾವತಿ ಸೇತುವೆಯಂಥ ಕಡೆ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ. ಗಾಳಿ ಮಿತಿ ಮೀರಿದರೆ ರೈಲು ನಿಲ್ಲುತ್ತದೆ. ಮೇ ತಿಂಗಳಲ್ಲಿ ಹೋಗಿಬಂದ ನೆನಪಿನ ಮೇಲೆ ಜುಲೈನಲ್ಲಿ ನಿಲ್ದಾಣಕ್ಕೆ ಹೋದರೆ ರೈಲು ಹೊರಟೇ ಹೋಗಿರಬಹುದು.

ರೈಲು ಟಿಕೆಟನ್ನು 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. ಗಣೇಶ ಚೌತಿ, ಕ್ರಿಸ್‌ಮಸ್ ಮತ್ತು ಮೇ ರಜೆಯಲ್ಲಿ ಮುಂಬೈ–ಕರಾವಳಿ ರೈಲುಗಳು ಮೊದಲ ದಿನವೇ ತುಂಬುತ್ತವೆ. ಹತ್ತಿರದ ಊರುಗಳಿಗೆ ಚಿಂತೆ ಬೇಡ. ಮಂಗಳೂರು–ಮಡಗಾಂವ್ ಪ್ಯಾಸೆಂಜರ್ ರೈಲಿಗೆ ನಿಲ್ದಾಣದಲ್ಲೇ ಸಾಮಾನ್ಯ ಟಿಕೆಟ್ ಪಡೆದು ಹತ್ತಿದರಾಯಿತು.

ಹುಬ್ಬಳ್ಳಿಯಿಂದ ನೇರ ರೈಲು ಏಕಿಲ್ಲ? ಹುಬ್ಬಳ್ಳಿ–ಅಂಕೋಲಾ ಮಾರ್ಗದ ಯೋಜನೆ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಕಾಡಿನ ಪ್ರಶ್ನೆಗೆ ಸಿಕ್ಕಿಕೊಂಡಿದೆ. ಹಳಿ ಹಾಯಬೇಕಾದದ್ದು ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ; ಮರಗಳ ಮತ್ತು ವನ್ಯಜೀವಿಗಳ ಸಲುವಾಗಿ ವಿರೋಧ ಒಂದು ಕಡೆ, ಬಂದರಿಗೂ ಬಯಲುಸೀಮೆಗೂ ಹಳಿ ಬೇಕೆಂಬ ಒತ್ತಾಯ ಇನ್ನೊಂದು ಕಡೆ. ಈ ಜಗ್ಗಾಟಕ್ಕೆ ಹಳೆಯ ಬೇರಿದೆ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ, ಧಾರವಾಡ–ಹುಬ್ಬಳ್ಳಿಯ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಆಸೆ ಹುಟ್ಟಿತು. ಆ ಕಾಲದಲ್ಲೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಆದರೆ 1880ರ ದಶಕದಲ್ಲಿ ಹಳಿ ಹೋದದ್ದು ಗೋವಾದ ಮುರಗಾಂವ್ ಬಂದರಿಗೆ. ಸರಕೂ ಹಳಿಯ ಹಿಂದೆಯೇ ಹೋಯಿತು. ಹುಬ್ಬಳ್ಳಿಯವರು ಇಂದಿಗೂ ಬಸ್ಸಿನಲ್ಲಿ ಕಾರವಾರಕ್ಕೆ ಬರುವುದರ ಮೂಲ ಅಲ್ಲಿದೆ.

ಇಳಿದ ಮೇಲೆ

ಕಾರವಾರ ರೈಲು ನಿಲ್ದಾಣ ಊರಲ್ಲಿಲ್ಲ, ಐದಾರು ಕಿ.ಮೀ. ಆಚೆ ಶಿರವಾಡದಲ್ಲಿದೆ. ಕೊಂಕಣ ಹಳಿ ಹೆಚ್ಚಾಗಿ ಗುಡ್ಡದ ಬುಡ ಹಿಡಿದು ಸಾಗುವುದರಿಂದ ಕರಾವಳಿಯ ಅನೇಕ ನಿಲ್ದಾಣಗಳ ಕತೆ ಇದೇ. ಬೆಳಗಿನ ರೈಲು ಬಂದಾಗ ಹೊರಗೆ ರಿಕ್ಷಾಗಳ ಸಾಲು ಇರುತ್ತದೆ. ರೈಲು ಖಾಲಿಯಾದ ಹತ್ತು ನಿಮಿಷಕ್ಕೆ ಆ ಸಾಲೂ ಖಾಲಿ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ನಿಧಾನಕ್ಕೆ ಹೊರಬಂದವರಿಗೆ ಉಳಿಯುವುದು ಒಂದೆರಡು ಗಾಡಿ, ಅವು ಕೇಳಿದ ದರ. ದರವನ್ನು ಹತ್ತುವ ಮೊದಲೇ ಮಾತಾಡಿ. ಅಪರಾತ್ರಿಯ ರೈಲಿಗೆ ಬರುವವರು ಉಳಿಯುವ ಲಾಡ್ಜಿಗೇ ಫೋನ್ ಮಾಡಿ ಗಾಡಿ ಹೇಳಿಟ್ಟರೆ ನಿಶ್ಚಿಂತೆ.

ಬಸ್ ನಿಲ್ದಾಣ ಊರ ನಡುವೆಯೇ ಇದೆ. ಅಲ್ಲಿಂದ ಕಡಲತೀರಕ್ಕೆ, ಪೇಟೆಗೆ, ಕಚೇರಿಗಳಿಗೆ ನಡೆದೇ ಹೋಗಬಹುದು. ಬೈತಖೋಲ ಬಂದರು, ಬಿಣಗಾ, ಕಡವಾಡ, ಸದಾಶಿವಗಡ, ಮಾಜಾಳಿ ಕಡೆಗೆ ಸ್ಥಳೀಯ ಬಸ್ಸುಗಳೂ ಟೆಂಪೊಗಳೂ ಇವೆ. ಕಚೇರಿ ಕೆಲಸಕ್ಕೆ ಬಂದು ಅದೇ ದಿನ ವಾಪಸಾಗುವವರು ಬೆಳಿಗ್ಗೆ ಇಳಿದ ಕೂಡಲೇ ವಿಚಾರಣೆ ಕಿಟಕಿಯಲ್ಲಿ ತಮ್ಮೂರ ಕಡೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಲಿ. ನಾಲ್ಕು ಗಂಟೆಗೆ ‘ಸಾಹೇಬರು ಬರ್ತಾರೆ, ಕೂತಿರಿ’ ಎಂದಾಗ ಕೂರಬೇಕೋ ಏಳಬೇಕೋ ಎಂಬುದು ಅದರಿಂದ ತೀರ್ಮಾನವಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಲಿ?

ನವೆಂಬರ್‌ನಿಂದ ಮೇವರೆಗೆ ಯಾವ ದಾರಿಯೂ ಸರಿ. ಹುಬ್ಬಳ್ಳಿ–ಧಾರವಾಡದವರಿಗೆ ಬಸ್ಸು, ಮಂಗಳೂರು–ಉಡುಪಿಯವರಿಗೆ ರೈಲು, ಬೆಂಗಳೂರಿನವರಿಗೆ ರಾತ್ರಿ ರೈಲು ಸಿಕ್ಕರೆ ರೈಲು, ಇಲ್ಲದಿದ್ದರೆ ಸ್ಲೀಪರ್ ಬಸ್ಸು. ಕಾಡು ನೋಡುತ್ತ ಬರಬೇಕೆನ್ನುವ ಕಾರಿನವರಿಗೆ ಇನ್ನೆರಡು ದಾರಿಗಳಿವೆ: ಯಲ್ಲಾಪುರದಿಂದ ಕೈಗಾ ಮೇಲೆ ಬರುವುದು, ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ ಮೇಲೆ ಬರುವುದು. ಎರಡೂ ಚೆಂದ, ಎರಡೂ ಕಿರಿದು; ಹಗಲಿನಲ್ಲಿ ಮಾತ್ರ ಹೋಗಿ, ಪೆಟ್ರೋಲು ತುಂಬಿಸಿಕೊಂಡು ಹೋಗಿ, ಮೊಬೈಲ್ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಏಕೆಂದರೆ ಸಿಗ್ನಲ್ ನಡುನಡುವೆ ಕೈಕೊಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಯಮ ಬದಲಾಗುತ್ತದೆ. ಹವಾಮಾನ ಇಲಾಖೆ ಉತ್ತರ ಕನ್ನಡಕ್ಕೆ ರೆಡ್ ಅಲರ್ಟ್ ಕೊಟ್ಟ ದಿನ, ತುರ್ತಿಲ್ಲದಿದ್ದರೆ ಪ್ರಯಾಣವನ್ನು ಮರುದಿನಕ್ಕೆ ಹಾಕಿ. ಹೋಗಲೇಬೇಕಾದರೆ ಕಿರು ಘಟ್ಟಗಳನ್ನು ಬಿಟ್ಟು ಅರಬೈಲ್ ಹಿಡಿಯಿರಿ. ರಸ್ತೆ ಕುಸಿದರೆ ಮೊದಲು ತೆರವಾಗುವುದು ಲಾರಿಗಳ ಹೆದ್ದಾರಿಯೇ. ರಾತ್ರಿ ಪ್ರಯಾಣ ಬಿಟ್ಟು ಬೆಳಕಿದ್ದಾಗ ಘಟ್ಟ ದಾಟುವಂತೆ ಹೊರಡಿ. ರಸ್ತೆಗೆ ಬಿದ್ದ ಮಣ್ಣೂ ಮರವೂ ಹಗಲಿನಲ್ಲಿ ದೂರದಿಂದಲೇ ಕಾಣುತ್ತವೆ. ಹೊರಡುವ ಮುನ್ನ ಜಿಲ್ಲಾಡಳಿತದ ವಿಪತ್ತು ನಿರ್ವಹಣಾ ಸಹಾಯವಾಣಿ 1077ಕ್ಕೆ ಕರೆ ಮಾಡಿ ರಸ್ತೆ ತೆರೆದಿದೆಯೇ ಎಂದು ಕೇಳಿ. ಹೊರ ಜಿಲ್ಲೆಯಿಂದ ಮಾಡುವಾಗ ಸಂಖ್ಯೆಗೆ ಮೊದಲು ಕಾರವಾರದ ಎಸ್‌.ಟಿ.ಡಿ. ಕೋಡ್ ಒತ್ತಬೇಕು. ಅದಕ್ಕಿಂತಲೂ ಬೇಗ ಸುದ್ದಿ ಸಿಗುವ ಜಾಗ ಯಲ್ಲಾಪುರದ ಬಸ್ ನಿಲ್ದಾಣ. ಆಗಷ್ಟೇ ಘಟ್ಟ ಹತ್ತಿ ಬಂದ ಬಸ್ಸಿನ ಚಾಲಕನನ್ನು ಕೇಳಿ. ಅವರು ‘ಹೋಗಿ, ಅಡ್ಡಿಲ್ಲ’ ಎಂದರೆ ಹೊರಡಿ. ‘ಸ್ವಲ್ಪ ನಿಂತು ಹೋಗಿ’ ಎಂದರೆ ಇನ್ನೊಂದು ಚಹಾ ಹೇಳಿ ಕೂತುಬಿಡಿ.